‘ಒಂದು’ ಕಾಣೆಯಾದ ಅಂಗನವಾಡಿ

ಅಂಗನವಾಡಿಗಳ ತಪಾಸಣೆಯ ಹೊಣೆ ಹೊತ್ತಿರುವ ಮಾನ್ಯರೇ,

ಮೊದಲಿಗೆ ನನ್ನ ತಪ್ಪೊಪ್ಪಿಗೆ. ಕಳೆದ ಮಂಗಳವಾರ ಬೆಳಗ್ಗೆ ಹನ್ನೊಂದರ ಸುಮಾರಿಗೆ, ದೇವದುರ್ಗದ ನಮ್ಮ ಓಣಿಯ ಅಂಗನವಾಡಿಯ ಗೋಡೆಯ ಮೇಲಿದ್ದ, ನಿಮ್ಮ ಕಚೇರಿಯಿಂದಲೇ ಸರಬರಾಜಾದ ‘ಬಣ್ಣಗಳನ್ನು ಗುರುತಿಸಿರಿ’ ಎಂಬ ಸರ್ಕಾರಿ ಪಟವನ್ನು ನಾನು ಸ್ವಬುದ್ಧಿಯಿಂದ, ಯಾರ ಪ್ರಚೋದನೆಯೂ ಇಲ್ಲದೆ, ಕತ್ತರಿಸಿ ಹಾಕಿದ್ದೇನೆ. ಆಯುಧ: ಹಿಡಿಕೆಗೆ ದಾರ ಸುತ್ತಿದ ಒಂದು ಕತ್ತರಿ. ಸಾಕ್ಷಿಗಳು: ಇಪ್ಪತ್ತಮೂರು ಮಂದಿ, ಎಲ್ಲರೂ ಆರು ವರ್ಷದೊಳಗಿನವರು, ಅವರಲ್ಲಿ ಇಬ್ಬರು ಆ ಹೊತ್ತಿಗೆ ನಿದ್ದೆ ಹೋಗಿದ್ದರು. ಪಟದ ಮುಂಬದಿಯಲ್ಲಿ ಗುರುತಿಸುವಂಥ ಬಣ್ಣವೇನೂ ಉಳಿದಿರಲಿಲ್ಲ. ಹಿಂಬದಿ ಮಾತ್ರ ಒಳ್ಳೇ ಬೆಳ್ಳಗಿತ್ತು. ಅದರಲ್ಲಿ ನಾವು ಐದು ಹತ್ತಿಕಾಯಿ ಮಾಡಿಕೊಂಡೆವು.

ಅಪರಾಧ ಸಣ್ಣದು, ಗೊತ್ತು. ಆದರೂ ಅದನ್ನು ದಯವಿಟ್ಟು ನನ್ನ ಹೆಸರಿಗೇ ಬರೆದುಕೊಳ್ಳಿ. ಏಕೆಂದರೆ ಆ ಕೋಣೆಯಲ್ಲಿ ಏನೇ ನಡೆದರೂ ಅದನ್ನು ಕಾರ್ಯಕರ್ತೆ ಮಂಜುಳಾ ಅವರ ತಲೆಗೆ ಕಟ್ಟುವ ರೂಢಿ ನಿಮ್ಮಲ್ಲಿ ಬಲವಾಗಿದೆ. ಅದೇ ಮಂಗಳವಾರ ಅವರ ಕೈ ಸೇರಿದ ಕಾರಣ ಕೇಳುವ ನೋಟಿಸೇ ಅದಕ್ಕೆ ಪುರಾವೆ. ಕಾರಣ ಕೇಳಿದ್ದೀರಿ, ಸಂತೋಷ. ಕೇಳುವ ಮನಸ್ಸಿದ್ದಿದ್ದರೆ ನೀವು ಬಂದ ದಿನ ಅಲ್ಲೇ ಕೂತು ಕೇಳಿಸಿಕೊಳ್ಳಬಹುದಿತ್ತು.

ನೋಟಿಸಿನ ಒಕ್ಕಣೆ ಓದುಗರಿಗೂ ತಿಳಿಯಲಿ: ‘ಸದರಿ ಕೇಂದ್ರದ ಮಕ್ಕಳಿಗೆ ಒಂದು ಎಂಬ ಅಂಕಿಯ ಪರಿಚಯವಿರುವುದಿಲ್ಲ. ಅದರ ಬದಲಿಗೆ ಲಾಭ ಎಂಬ ವ್ಯಾಪಾರಿ ಮನೋಭಾವದ ಪದವನ್ನು ಬೋಧಿಸಲಾಗಿರುತ್ತದೆ. ಬಣ್ಣಗಳ ಜ್ಞಾನ ಶೂನ್ಯವಾಗಿರುತ್ತದೆ. ಏಳು ದಿನಗಳೊಳಗೆ ಸಮರ್ಪಕ ಸಮಜಾಯಿಷಿ ನೀಡದಿದ್ದಲ್ಲಿ ಕಾರ್ಯಕರ್ತೆಯನ್ನು ಸೇವೆಯಿಂದ ಬಿಡುಗಡೆಗೊಳಿಸಿ, ಕೇಂದ್ರವನ್ನು ಹೆದ್ದಾರಿಯಾಚೆಯ ಕೇಂದ್ರದೊಂದಿಗೆ ವಿಲೀನಗೊಳಿಸಲಾಗುವುದು.’ ನಾಲ್ಕು ವಾಕ್ಯಗಳಲ್ಲಿ ಒಂದು, ಶೂನ್ಯ, ಏಳು ಎಂದು ಮೂರು ಅಂಕಿ ತುರುಕಿದ ನಿಮ್ಮ ಗಣಿತಪ್ರೇಮಕ್ಕೆ ಬೆರಗಾದೆ. ಆ ಏಳರಲ್ಲಿ ಐದು ದಿನ ಆಗಲೇ ಹೋದವು. ಉಳಿದದ್ದು ಎರಡು. ಈ ಲೆಕ್ಕ ನಮ್ಮ ಮಕ್ಕಳೇ ಮಾಡಿ ಹೇಳಿದ್ದಾರೆ.

ನಾನು ಯಾರೆಂದು ಹೇಳಿಬಿಡುತ್ತೇನೆ. ಮಾನ್ವಿಯ ಕಾಲೇಜೊಂದರಲ್ಲಿ ಇಪ್ಪತ್ತೊಂಬತ್ತು ವರ್ಷ ಕನ್ನಡ ಪಾಠ ಹೇಳಿ, ನಿವೃತ್ತನಾಗಿ ದೇವದುರ್ಗದಲ್ಲಿ ಮನೆ ಮಾಡಿರುವವನು. ರಾಯಚೂರಿನ ಪತ್ರಿಕೆಗಳಿಗೆ ಹಾಸ್ಯಲೇಖನ ಬರೆಯುವ ಚಟವಿದೆ. ಕೆಳಗೆ ಹೆಸರು ಹಾಕದೆ ಇಂದಿನವರೆಗೆ ಒಂದು ಸಾಲನ್ನೂ ಪ್ರಕಟಿಸಿದವನಲ್ಲ. ಶಾಸಕರೊಬ್ಬರ ಭಾಷಣದ ಬಗ್ಗೆ ಬರೆದಾಗಲೂ ಹೆಸರಿತ್ತು, ಬಸ್ ನಿಲ್ದಾಣದ ಶೌಚಾಲಯದ ಬಗ್ಗೆ ಬರೆದಾಗಲೂ ಹೆಸರಿತ್ತು. ಬೆದರಿಕೆ ಕರೆ ಬಂದದ್ದು ಎರಡನೆಯದಕ್ಕೆ ಮಾತ್ರ. ಬರೆದದ್ದನ್ನು ‘ನಾನೇ ಬರೆದೆ’ ಎನ್ನುವ ಧೈರ್ಯ ಇದ್ದರೆ ಲೇಖಕನಿಗೆ ಬೇರೆ ಆಸ್ತಿಯೇ ಬೇಡ ಎಂದು ಬೀಳ್ಕೊಡುಗೆ ಸಭೆಯಲ್ಲಿ ಮುಕ್ಕಾಲು ಗಂಟೆ ಹೇಳಿದ್ದೇನೆ. ಜೋರು ಚಪ್ಪಾಳೆ ಬಿದ್ದಿತ್ತು. ನನ್ನ ಮಾತು ಮುಗಿದದ್ದಕ್ಕೋ, ಊಟಕ್ಕೆ ಎಲೆ ಹಾಕಿದ್ದಕ್ಕೋ, ಆ ವಿಷಯದಲ್ಲಿ ಇನ್ನೂ ಸಂಶೋಧನೆ ನಡೆದಿಲ್ಲ.

ಅಂಗನವಾಡಿ ನನ್ನ ಮನೆಯ ಎದುರಿಗೇ ಇದೆ. ಹೋದ ವರ್ಷ ಜೂನ್ ತಿಂಗಳಲ್ಲಿ ಒಂದು ಬೆಳಗ್ಗೆ, ಅಲ್ಲಿಯ ಗದ್ದಲದಿಂದ ಪೇಪರು ಓದಲಾಗುವುದಿಲ್ಲ ಎಂದು ದೂರು ಹೇಳಲು ಹೋದೆ. ಬಾಗಿಲಲ್ಲಿ ನಿಂತು ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ ಮಂಜುಳಾ, “ಬರ್ರಿ ಸರ್, ಬರ್ರಿ. ದೇವರು ಕಳಿಸಿದಂಗ ಬಂದ್ರಿ. ಈ ಕತ್ತರಿ ಹಿಡೀರಿ, ನಾ ಅನ್ನಕ್ಕ ನೀರಿಟ್ಟು ಬಂದೆ” ಎಂದು ಹೋಗಿಯೇಬಿಟ್ಟರು. ನಡುಗನ್ನಡದ ಷಟ್ಪದಿಗಳನ್ನು ಗಣ ಗಣವಾಗಿ ಕತ್ತರಿಸಿದ ಈ ಕೈ ಒಂದು ಚೌಕ ಚಿಂದಿಯನ್ನು ಕತ್ತರಿಸಲಾರದೆ ಹೋಯಿತು. ಮಗ್ಗುಲಲ್ಲಿದ್ದ ಮಿನಾಜ್ ಎಂಬ ನಾಲ್ಕೂವರೆ ವರ್ಷದ ಹುಡುಗಿ ಸ್ವಲ್ಪ ಹೊತ್ತು ಸಹಿಸಿಕೊಂಡಳು. ಆಮೇಲೆ, “ತಾತಾ, ಸೊಟ್ಟ ಕತ್ತರಿಸಿದಿ ನೋಡು. ಕೊಡಿಲ್ಲಿ” ಎಂದು ಕೈ ಚಾಚಿದಳು. ನನ್ನ ಸೇವಾವಧಿಯಲ್ಲಿ ಯಾವ ವಿಶ್ವವಿದ್ಯಾಲಯದ ತಜ್ಞರೂ ನನ್ನ ಕೆಲಸವನ್ನು ಇಷ್ಟು ನಿಷ್ಪಕ್ಷಪಾತವಾಗಿ ಮೌಲ್ಯಮಾಪನ ಮಾಡಿರಲಿಲ್ಲ. ಮರುದಿನವೂ ಹೋದೆ. ಆಮೇಲೆ ದಿನಾ ಹೋದೆ. ಗದ್ದಲದ ದೂರು ಈಗ ಪಕ್ಕದ ಮನೆಯವರದು. ಅದು ನನ್ನ ದನಿಯ ಬಗ್ಗೆ.

ಮಂಜುಳಾ ಮಾಡುತ್ತಿದ್ದದ್ದು ಇಷ್ಟು. ದರ್ಜಿ ವಸೀಮನ ಅಂಗಡಿಯಿಂದ ಬಟ್ಟೆಯ ಚಿಂದಿ ತರುವುದು. ಅದರಿಂದ ರಟ್ಟಿನ ಮೇಲೆ ಮಕ್ಕಳಿಂದ ಕೌದಿ ಕಟ್ಟಿಸುವುದು. ಕೌದಿ ಎಂದರೆ ನಿಮಗೆ ಗೊತ್ತಿರಬೇಕು: ಹಳೆಯ ಸೀರೆ, ಅಂಗಿಗಳ ತುಂಡು ಜೋಡಿಸಿ ನಮ್ಮ ಹೆಂಗಸರು ಹೊಲಿಯುವ ಹೊದಿಕೆ. ಕೆಂಪು ತುಂಡು ಒಂದು, ಅದರ ಕೆಳಗೆ ಹಸಿರು ಎರಡು, ಹಳದಿ ಮೂರು, ಕಪ್ಪು ನಾಲ್ಕು, ಬಿಳಿ ಐದು. ಹದಿನೈದು ತುಂಡು ಅಂಟಿಸುವಷ್ಟರಲ್ಲಿ ಐದು ಬಣ್ಣ, ಐದು ಅಂಕಿ ಬೆರಳ ತುದಿಗೆ ಬಂದಿರುತ್ತವೆ. ಅಂಟು ಮಾತ್ರ ತಲೆಗೂದಲವರೆಗೂ ಹೋಗಿರುತ್ತದೆ. ಇದಕ್ಕೊಂದು ಹಾಡು ಬೇಕೆಂದರು. ಬರೆದುಕೊಟ್ಟೆ:

ಲಾಭಾ ಲಾಭಾ, ಕೆಂಪ ಸೂರ್ಯ ಒಬ್ಬಾ,
ಎರಡಾ ಎರಡಾ, ಹಸುರ ಗಿಣಿ ನೋಡಾ,
ಮೂರಾ ಮೂರಾ, ಹಳದಿ ಹೂವಿನ ಹಾರಾ,
ನಾಕಾ ನಾಕಾ, ಕರಿ ಕಾಗಿ ಬೇಕಾ,
ಐದಾ ಐದಾ, ಬಿಳಿ ಹತ್ತಿ ಒಯ್ದಾ!

ಹೌದು, ಮಾನ್ಯರೇ, ನಿಮ್ಮ ನೋಟಿಸಿನ ಆರೋಪಿಯಾದ ‘ಲಾಭ’ ಇರುವುದು ಈ ಹಾಡಿನ ಬಾಗಿಲಲ್ಲೇ. ಅದನ್ನು ಅಲ್ಲಿ ನಿಲ್ಲಿಸಿದವನು ನಾನು. ಆದರೆ ಹುಟ್ಟಿಸಿದವನು ನಾನಲ್ಲ. ನಮ್ಮ ಕಡೆ ಕಾಳು ಅಳೆಯುವವರು ಮೊದಲನೆಯ ಸೇರನ್ನು ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾರೆ. ಆಮೇಲೆ ಎರಡು, ಮೂರು, ನಾಲ್ಕು. ರಾಶಿ ಬೆಳೆಯಲಿ, ಕೊಟ್ಟವನಿಗೂ ಕೊಂಡವನಿಗೂ ಒಳ್ಳೆಯದಾಗಲಿ ಎಂಬ ಹಾರೈಕೆಯಿಂದ ಎಣಿಕೆ ಶುರುವಾಗಬೇಕು ಎಂಬುದು ಲೆಕ್ಕ. ಅಂಗನವಾಡಿಗೆ ಬರುವ ಸವಿತಾ ಎಂಬ ಹುಡುಗಿಯ ಅಜ್ಜಿ ತಿಮ್ಮವ್ವ ನಮ್ಮ ಪೇಟೆಯ ಕಾಳಿನ ಅಂಗಡಿಯಲ್ಲಿ ಜೋಳ ಅಳೆಯುವವಳು. ಮಗ, ಸೊಸೆ ದೂರದ ಊರಲ್ಲಿ ಕಟ್ಟಡದ ಕೆಲಸಕ್ಕಿದ್ದಾರೆ, ಮೊಮ್ಮಗಳು ಇವಳ ಬಳಿ. ತನ್ನಲ್ಲಿದ್ದ ಒಂದು ಪುಟ್ಟ ಸೊಲಗಿಯನ್ನು, ಅಂದರೆ ಕಾಳು ಅಳೆಯುವ ಸಣ್ಣ ಪಾತ್ರೆಯನ್ನು, ಮಕ್ಕಳಿಗೆ ಕೊಟ್ಟು ಅಳೆಯುವುದನ್ನು ಹೇಳಿಕೊಟ್ಟವಳೂ ಅವಳೇ. ಡಬ್ಬಿಯಿಂದ ಮೊರಕ್ಕೆ ಒಂದು ಸೊಲಗಿ ಜೋಳ ಸುರಿದು ‘ಲಾಭ’ ಅನ್ನಬೇಕು, ಒಂದು ಕೆಂಪು ತುಂಡು ಅಂಟಿಸಬೇಕು. ಇನ್ನೊಂದು ಸುರಿದು ‘ಎರಡು’ ಅಂದು ಎರಡು ಹಸಿರು. ಕಣ್ಣಿಗೆ ಬಣ್ಣ, ಕೈಗೆ ಭಾರ, ಬಾಯಿಗೆ ಹಾಡು. ಇಂಥ ಪಾಠವನ್ನು ಕಂಡುಹಿಡಿಯಲು ನಿಮ್ಮಲ್ಲಿ ಸಮಿತಿ ಬೇಕು, ಉಪಸಮಿತಿ ಬೇಕು, ಚಹಾದ ಜೊತೆ ಗೋಡಂಬಿ ಬೇಕು.

ಇನ್ನೂ ಒಂದು ಮಾತು. ಮಂಜುಳಾ ರಾಯಚೂರಿಗೆ ಮೂರು ದಿನದ ತರಬೇತಿಗೆ ಹೋಗಿದ್ದಾಗ ಅವರಿಗೊಂದು ಕೈಪಿಡಿ ಕೊಟ್ಟಿದ್ದಾರೆ. ಅದರ ಹನ್ನೆರಡನೆಯ ಪುಟದಲ್ಲಿ, ಚೌಕಟ್ಟಿನೊಳಗೆ, ದಪ್ಪಕ್ಷರದಲ್ಲಿ ಇದೆ: ‘ಸ್ಥಳೀಯ ಸಂಪನ್ಮೂಲ, ಸ್ಥಳೀಯ ಭಾಷೆ, ಸ್ಥಳೀಯ ಕಸುಬು ಬಳಸಿ ಕಲಿಸಿರಿ.’ ಆ ತರಬೇತಿಯಲ್ಲಿ ಮೂರು ದಿನವೂ ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಚಿತ್ರ ಬಿಟ್ಟು ಮಾತಾಡಿದರಂತೆ, ಒಂದು ಕತ್ತರಿಯೂ ಇರಲಿಲ್ಲವಂತೆ. ಇರಲಿ. ಈ ಹೆಣ್ಣುಮಗಳು ಹನ್ನೆರಡನೆಯ ಪುಟವನ್ನು ನಂಬಿದರು. ಅದೇ ಅವರ ತಪ್ಪು. ನಿಮ್ಮ ಪುಸ್ತಕದಲ್ಲಿರುವ ‘ಸ್ಥಳೀಯ’ ಬೇರೆ, ಸ್ಥಳದಲ್ಲಿರುವ ಸ್ಥಳೀಯ ಬೇರೆ ಎಂದು ಹದಿಮೂರನೆಯ ಪುಟದಲ್ಲಾದರೂ ಮುದ್ರಿಸಬಾರದಿತ್ತೇ?

ಇನ್ನು ನೀವು ತಪಾಸಣೆಗೆ ಬಂದ, ನೋಟಿಸಿಗೆ ಮೊದಲಿನ ಆ ಗುರುವಾರಕ್ಕೆ ಬರೋಣ. ಹಾಡು ನಡೆದಿತ್ತು. ನಮ್ಮ ಮಕ್ಕಳಿಗೆ ಒಂದು ರೂಢಿಯಿದೆ. ‘ಬಿಳಿ ಹತ್ತಿ ಒಯ್ದಾ’ ಎಂದು ಮುಗಿದ ಕೂಡಲೇ ಮಂಜುಳಾ “ಯಾರ ಒಯ್ದಾ?” ಎನ್ನುತ್ತಾರೆ. ಅಂದು ಎಲ್ಲರಿಗಿಂತ ತಡವಾಗಿ ಬಂದವರು ಯಾರೋ ಅವರ ಹೆಸರನ್ನು ಮಕ್ಕಳು ಕೂಗುತ್ತಾರೆ. ನಾನೇ ಹದಿನಾಲ್ಕು ಸಲ ಹತ್ತಿ ಕದ್ದಿದ್ದೇನೆ. ನೀವು ಹೊಸ್ತಿಲ ಒಳಗೆ ಕಾಲಿಡುವುದಕ್ಕೂ ಹಾಡು ಅಲ್ಲಿಗೆ ಮುಟ್ಟುವುದಕ್ಕೂ ಸರಿಹೋಯಿತು. ಮಂಜುಳಾ ನಿಮ್ಮನ್ನು ಕಂಡು ಬಾಯಿ ಮುಚ್ಚಿಕೊಂಡರು. ಆದರೆ ಇಪ್ಪತ್ತಮೂರು ಬಾಯಿಗಳನ್ನು ಮುಚ್ಚಲು ಎರಡು ಕೈ ಸಾಲುವುದಿಲ್ಲ.

“ಸಾಯೇಬ ಒಯ್ದಾ!”

ನೀವು ಮೊದಲ ಟಿಪ್ಪಣಿ ಬರೆದುಕೊಂಡದ್ದು ಆಗ. ಮಾನ್ಯರೇ, ಅದು ಆರೋಪವಲ್ಲ, ಸ್ವಾಗತ. ಅದನ್ನು ಆರೋಪವೆಂದು ಯಾಕೆ ತಿಳಿದಿರಿ ಎಂದು ನಾನು ಕೇಳುವುದಿಲ್ಲ. ಕೇಳಿದರೆ ಚರ್ಚೆ ಬೇರೆ ಕಡೆ ಹೋಗುತ್ತದೆ.

ಆಮೇಲೆ ಸವಿತಾಳನ್ನು ಕರೆದು, ಜೋಳ ಅಳೆದು ತೋರಿಸು ಎಂದಿರಿ. ಅವಳು ಲಂಗ ಮಡಚಿಕೊಂಡು, ಅಜ್ಜಿಯ ಹಾಗೆಯೇ ಒಂದು ಮೊಣಕಾಲು ಊರಿ ಕೂತಳು. “ಲಾಭ,” ಎಂದು ಸುರಿದಳು. “ಎರಡ. ಮೂರ.”

“ನಿಲ್ಸು, ನಿಲ್ಸು. ಮೊದಲಿಂದ ಹೇಳು,” ಎಂದಿರಿ.

ಅವಳು ಜೋಳವನ್ನೆಲ್ಲ ಡಬ್ಬಿಗೆ ಮರಳಿ ಸುರಿದು ಮೊದಲಿನಿಂದ ಹೇಳಿದಳು. “ಲಾಭ.”

“ಒಂದು ಎಲ್ಲಮ್ಮಾ? ಒಂದು ಎಲ್ಲಿ ಹೋಯ್ತು?”

ಸವಿತಾ ಮೊರ ಎತ್ತಿ ಅಡಿಯಲ್ಲಿ ನೋಡಿದಳು. ಚಾಪೆಯ ಅಂಚು ಮಡಚಿ ನೋಡಿದಳು. “ಇಲ್ಲೇನೂ ಬಿದ್ದಿಲ್ರಿ,” ಎಂದಳು.

ನಗು ಬರಲಿಲ್ಲವೇ ನಿಮಗೆ? ಒಂದು ಎಳೆ? ಬದಲಿಗೆ ಗೋಡೆಯ ಪಟದ ಬಳಿ ಹೋಗಿ ಮಿನಾಜಳನ್ನು ಕರೆದಿರಿ. ಆ ಪಟ ಬಂದದ್ದು ಹೋದ ವರ್ಷ ಮಾರ್ಚಿನಲ್ಲಿ. ಎರಡು ಬೇಸಿಗೆಯ ನಮ್ಮ ಬಿಸಿಲು ಕಿಟಕಿಯಿಂದ ಒಳಗೆ ಬಂದು ಮೊದಲು ಕೆಂಪನ್ನು ತಿಂದಿತು, ಆಮೇಲೆ ಹಳದಿ, ಆಮೇಲೆ ಹಸಿರು. ನೀವು ಬೆರಳಿಟ್ಟು, ಇದು ಯಾವ ಬಣ್ಣ ಎಂದಿರಿ. ಮಿನಾಜ್, “ಬಿಸ್ಕೀಟ್” ಎಂದಳು. ಇದು? “ಅದೂ ಬಿಸ್ಕೀಟ್.” ಮತ್ತೆ ಇದು? ಅವಳು ಹತ್ತಿರ ಹೋಗಿ, ಕಣ್ಣು ಕಿರಿದು ಮಾಡಿ, ಬಹಳ ಯೋಚಿಸಿ ಹೇಳಿದಳು: “ಇದು ಚಾದಾಗ ಅದ್ದಿದ ಬಿಸ್ಕೀಟ್ರಿ.” ಬಣ್ಣದ ಛಾಯೆಗಳಲ್ಲಿ ಇಷ್ಟು ಸೂಕ್ಷ್ಮ ವ್ಯತ್ಯಾಸ ಹಿಡಿದ ಹುಡುಗಿಯ ಜ್ಞಾನಕ್ಕೆ ನೀವು ಕೊಟ್ಟ ಅಂಕ ಶೂನ್ಯ. ಪಟದ ಬಣ್ಣ ಬಯಲಾಗಿತ್ತು, ಬೈಸಿಕೊಂಡದ್ದು ಟೀಚರು. ಎರಡು ಮಾರು ದೂರದಲ್ಲಿ ಇಪ್ಪತ್ತಮೂರು ಕೌದಿಗಳು ಐದೈದು ಬಣ್ಣದಲ್ಲಿ ತೂಗುತ್ತಿದ್ದವು. ಅವುಗಳ ಕೆಳಗೇ ನಿಂತು ನೀವು ‘ಬಣ್ಣ: ಇಲ್ಲ’ ಎಂದು ಬರೆದಿರಿ. ಆಮೇಲೆ “ಈ ಲಾಭ ಗೀಭ ಎಲ್ಲ ಯಾರು ಹೇಳ್ಕೊಟ್ಟಿದ್ದು?” ಎಂದು ಕೇಳಿದಿರಿ. “ನಾನೇ ಕಲಿಸೀನ್ರಿ,” ಎಂದರು ಮಂಜುಳಾ. ಬರೆದುಕೊಂಡು ಹೊರಟಿರಿ. ಒಟ್ಟು ಹನ್ನೊಂದು ನಿಮಿಷದ ಭೇಟಿ.

ಮಕ್ಕಳಿಗೆ ಒಂದು ಗೊತ್ತಿಲ್ಲವೇ? ನೋಟಿಸು ಬಂದ ಮೇಲೆ ನಾನೇ ಪರೀಕ್ಷೆ ಮಾಡಿದೆ. “ಮಿನಾಜ್, ನಿನಗ ಮೂಗು ಎಷ್ಟದಾವ?” “ಒಂದ.” “ಬಾಯಿ?” “ಒಂದ.” “ಮತ್ತ ನನಗ?” “ನಿನಗೂ ಒಂದ, ತಾತಾ. ಆದರ ಭಾಳ ಮಾತಾಡ್ತದ.” ಎಷ್ಟು ಎಂದು ಕೇಳಿದರೆ ಒಂದು, ಅಳೆ ಎಂದರೆ ಲಾಭ. ಎರಡನ್ನೂ ಬೇರೆ ಬೇರೆ ಜಾಗದಲ್ಲಿ ಇಡುವುದು ಈ ಮಕ್ಕಳಿಗೆ ಗೊತ್ತಿದೆ. ಹಾಡಿನ ಅದೇ ಮೊದಲ ಸಾಲಿನ ಕೊನೆಗೆ ‘ಒಬ್ಬಾ’ ಎಂದು ಸೂರ್ಯ ನಿಂತಿದ್ದಾನೆ, ನೋಡಿದಿರಾ? ಸೂರ್ಯನನ್ನೇ ಕಾಣದ ತಪಾಸಣೆಯನ್ನು ಏನೆಂದು ಕರೆಯಬೇಕು?

ನೋಟಿಸನ್ನು ನಾನು ತಿಮ್ಮವ್ವನಿಗೆ ಓದಿ ಹೇಳಿದೆ. ‘ವ್ಯಾಪಾರಿ ಮನೋಭಾವ’ ಎಂಬಲ್ಲಿ ತಡೆದಳು.

“ಅಂದ್ರ ಏನ್ರಿ ಅದು?”

“ಗಳಿಸೋ ಬುದ್ಧಿ ಅಂತ ತಿಳ್ಕೊ ಯವ್ವಾ.”

“ಮೂವತ್ತು ವರ್ಷಾತ್ರಿ ಲಾಭ ಲಾಭ ಅಂತ ಅಳ್ಯಾಕತ್ತೀನಿ. ಆ ಬುದ್ಧಿ ನನಗ ಬರ್ಲಿಲ್ಲಲ್ರಿ ಯಪ್ಪಾ, ಈ ಕೂಸಿಗೆ ಆರ ತಿಂಗಳದಾಗ ಬಂತೇನು?” ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, “ಸಾಯೇಬರ ಅವ್ವನ್ನ ಕೇಳ್ರಿ. ಆಕಿನೂ ಹಿಂಗ ಅಳದು ಅವರಿಗೆ ಮುದ್ದಿ ಹಾಕಿರ್ತಾಳ,” ಎಂದಳು.

ಕೇಳಿ ನೋಡಿ, ಮಾನ್ಯರೇ. ನೀವು ದಕ್ಷಿಣದ ಕಡೆಯವರೆಂದು ಮಾತಿನಿಂದ ತಿಳಿಯಿತು. ಆ ಕಡೆಯ ಕಣಗಳಲ್ಲೂ ಈ ರೂಢಿ ಇದೆ ಎಂದು ಬಲ್ಲವರು ಹೇಳುತ್ತಾರೆ. ನಿಮ್ಮ ಅಜ್ಜಿ ಮೊದಲ ಬಳ್ಳ ರಾಗಿಯನ್ನು ಏನೆಂದು ಎಣಿಸುತ್ತಿದ್ದರೋ, ಮನೆಗೊಂದು ಫೋನು ಮಾಡಿದರೆ ತಿಳಿಯುತ್ತದೆ. ಅವರೂ ಲಾಭ ಎನ್ನುತ್ತಿದ್ದರೆ, ಅವರಿಗೂ ಒಂದು ನೋಟಿಸು ಕಳಿಸುವಿರಾ?

ಈಗ ನಗೆಯನ್ನು ಸ್ವಲ್ಪ ಬದಿಗಿಡುತ್ತೇನೆ. ‘ವಿಲೀನ’ ಎಂಬುದು ನಿಮ್ಮ ಕಡತದಲ್ಲಿ ಮೂರಕ್ಷರದ ಪದ. ನಮ್ಮ ಓಣಿಯಲ್ಲಿ ಅದು ಹೆದ್ದಾರಿ. ಹತ್ತಿಯ ಲಾರಿ, ಜಲ್ಲಿಯ ಟಿಪ್ಪರು, ನಿಲ್ದಾಣ ಮುಟ್ಟುವ ಮೊದಲೇ ಹೊತ್ತಾಗಿರುವ ಬಸ್ಸು, ಎಲ್ಲ ಓಡುವ ರಸ್ತೆ. ಮಿನಾಜಳ ತಾಯಿ ವಾಹಿದಾ ಸಂತೆ ಬಜಾರದಲ್ಲಿ ಬಳೆ ಮಾರುತ್ತಾಳೆ. “ಆ ರೋಡ್ ದಾಟಿಸಿ ಬಿಟ್ಟು ಬಂದು, ಮತ್ತ ಕರಕೊಂಡು ಬರೋದು ನನ್ನಿಂದ ಆಗಲ್ರಿ ಸರ್. ಬುಟ್ಟಿ ಬಾಜೂಕ ಕುಂದರಿಸ್ಕೊಂತೀನಿ,” ಎಂದಳು. ತಿಮ್ಮವ್ವನೂ ಸವಿತಾಳನ್ನು ಕಾಳಿನ ದೂಳಿನಲ್ಲೇ ಕೂರಿಸಿಕೊಳ್ಳುತ್ತಾಳೆ. ಇಪ್ಪತ್ತಮೂರರಲ್ಲಿ ಹದಿನಾರು ಮನೆಗಳ ಉತ್ತರ ಇದೇ. ನಾನೇ ಬಾಗಿಲು ಬಾಗಿಲಿಗೆ ಹೋಗಿ ಕೇಳಿದ್ದೇನೆ. ಒಂಬತ್ತು ವರ್ಷ ಈ ಕೋಣೆ ನಡೆಸಿದ ಮಂಜುಳಾ ಈಗ ರಟ್ಟುಗಳನ್ನು ಗೋಡೆಯಿಂದ ಇಳಿಸಿ, ಯಾವುದು ಯಾರದು ಎಂದು ಹಿಂದೆ ಹೆಸರು ಬರೆಯುತ್ತಿದ್ದಾರೆ, ಕೋಣೆ ಮುಚ್ಚಿದರೆ ಮಕ್ಕಳ ಕೈಗೆ ಕೊಟ್ಟು ಕಳಿಸಲು. ಸಮಜಾಯಿಷಿ ಬರೆಯಿರಿ ಎಂದರೆ, “ಏನಂತ ಬರೀಲ್ರಿ ಸರ್? ನಾನೇ ಕಲಿಸೀನಿ ಅಂತ ಹೇಳಿಬಿಟ್ಟೀನಿ,” ಎನ್ನುತ್ತಾರೆ.

ಆದ್ದರಿಂದ ನನ್ನ ಬೇಡಿಕೆ. ನೋಟಿಸನ್ನು ಈ ಎರಡು ದಿನದೊಳಗೆ ಹಿಂದಕ್ಕೆ ಪಡೆಯಿರಿ. ಕೇಂದ್ರ ಇದ್ದಲ್ಲೇ ಇರಲಿ. ಹಾಡಿನ ಬಗ್ಗೆ ಯಾರಿಗಾದರೂ ನೋಟಿಸು ಕೊಡಲೇಬೇಕೆಂದು ಕೈ ತುರಿಸುತ್ತಿದ್ದರೆ ಅದನ್ನು ಬರೆದವನಿಗೆ ಕೊಡಿ, ವಿಳಾಸ ಎದುರುಮನೆ. ಆಮೇಲೆ ಒಂದು ಬೆಳಗ್ಗೆ ನೀವೇ ಬಂದು, ಪಾದರಕ್ಷೆ ಹೊರಗೆ ಬಿಟ್ಟು, ಚಾಪೆಯ ಮೇಲೆ ಕೂತು ಒಂದು ಕೌದಿ ಮುಗಿಸಿ. ಸೊಟ್ಟ ಕತ್ತರಿಸಿದರೆ ತಿದ್ದುವವರು ಇದ್ದಾರೆ.

ಪತ್ರವನ್ನು ಇಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿ ಮುಗಿಯುತ್ತಿತ್ತು. ಆದರೆ ಪತ್ರಿಕೆಯಲ್ಲಿ ಇದನ್ನು ಮಂಜುಳಾ ಓದುತ್ತಾರೆ. ಅವರು ಓದುವ ಮೊದಲು ನಾನೇ ಹೇಳುವುದು ಲೇಸು.

ಹಾಡು ಬರೆದುಕೊಟ್ಟ ದಿನವೇ ಅವರು ಮೊದಲ ಸಾಲಿನ ಮೇಲೆ ಬೆರಳಿಟ್ಟಿದ್ದರು. “ಸರ್, ತಿಮ್ಮವ್ವ ಅಳ್ಯಾಗ ಹೇಳಿದ್ರ ಬ್ಯಾರೆ. ಹಾಡಿನ್ಯಾಗ ಒಂದು ಅಂತ ಹಾಕ್ರಿ. ಯಾರರ ತಪಾಸಣಿಗೆ ಬಂದ್ರ ನನಗ ತ್ರಾಸ ಆಗ್ತದ.” ನಾನು, ‘ಲಾಭಾ’ಕ್ಕೆ ‘ಒಬ್ಬಾ’ ಎಷ್ಟು ಚಂದ ಕೂತಿದೆ ನೋಡಿ, ನಿಮ್ಮ ತ್ರಾಸಕ್ಕೆ ನನ್ನ ಪ್ರಾಸ ಕೆಡಿಸಲೇ ಎಂದು ನಕ್ಕೆ. “ಯಾರರೆ ಬರ್ಲಿ, ನನ್ನ ಹೆಸರು ಹೇಳ್ರಿ ಸಾಕು,” ಎಂದೆ. ಆ ಗುರುವಾರ, ಲಾಭವನ್ನು ಯಾರು ಹೇಳಿಕೊಟ್ಟರೆಂದು ನೀವು ಕೇಳಿದಾಗ ನಾನು ಆ ಕೋಣೆಯಲ್ಲೇ ಇದ್ದೆ. ಮೂಲೆಯಲ್ಲಿ, ಚಾಪೆಯ ಮೇಲೆ, ತೊಡೆಯ ಮೇಲೆ ಹಸಿರು ಚಿಂದಿ ಹರಡಿಕೊಂಡು. ಮಂಜುಳಾ ನನ್ನ ಹೆಸರು ಹೇಳಲಿಲ್ಲ. ನನ್ನ ಕಡೆ ನೋಡಿದರು, ಅಷ್ಟೆ. ನಾನೇ ಹೇಳುತ್ತೇನೆಂದು ಕಾದರು. ನೀವೂ ಅವರ ನೋಟದ ದಾರಿ ಹಿಡಿದು ತಿರುಗಿ, “ನೀವ್ಯಾರು?” ಎಂದಿರಿ. ನಿಮಗೆ ನೆನಪಿರಬಹುದು. ನಾನು ಎದ್ದುನಿಂತೆ, ಚಿಂದಿ ಕೊಡವಿಕೊಂಡೆ, ಗೋಡೆಯ ಮೇಲಿನ ಮೀಟರಿನ ಕಡೆ ಕತ್ತು ಎತ್ತಿ ಹೇಳಿದೆ: “ಕರೆಂಟ್ ಬಿಲ್ ಬರಿಯಾಕ ಬಂದೀನ್ರಿ.”

ಮಂಜುಳಾ “ನಾನೇ ಕಲಿಸೀನ್ರಿ” ಎಂದದ್ದು ಅದಾದ ಮೇಲೆ.

ನಿಮ್ಮ ಜೀಪು ಹೊರಟುಹೋಯಿತು. ಸವಿತಾ ನನ್ನ ಅಂಗಿ ಹಿಡಿದು ಜಗ್ಗಿ ಕೇಳಿದಳು: “ತಾತಾ, ಬಿಲ್ಲು ಎಷ್ಟ ಬಂತು?” ಇಪ್ಪತ್ತಮೂರು ಮಕ್ಕಳಿಗೆ ಎಣಿಕೆಯ ಹಾಡು ಬರೆದುಕೊಟ್ಟ ನನ್ನ ಬಾಯಿಗೆ ಒಂದೇ ಒಂದು ಅಂಕಿ ಬರಲಿಲ್ಲ.

ಇಂತಿ,
ಇನ್ನೂ ನೋಟಿಸು ಮುಟ್ಟದಿರುವ ತಪ್ಪಿತಸ್ಥ,
ಹನುಮಂತರಾಯ
ಅಂಗನವಾಡಿಯ ಎದುರುಮನೆ, ದೇವದುರ್ಗ